ಕುಣಿಯೊಳಗಿನ ತಂಪು

ಅತ್ತೆ ಗುರುಸಿದ್ದವ್ವ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕೆಳಗಿನ ಕುಣಿಯೊಳಗಿಂದ ಮಿಯಾಂವ್ ಎಂದು ಕೇಳಿದ್ದೇ ತಡ, ಲಾಳಿ ನಿಂತಿತು. ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಸೊಸೆ ಪದ್ಮಶ್ರೀ ಗಾಬರಿಯಿಂದ ಎದ್ದು ನಿಂತಳು. "ರೇಷ್ಮಿ ಇರೋ ಮನ್ಯಾಗ ಬೆಕ್ಕು ಬ್ಯಾಡ" ಎಂದು ಅತ್ತೆ ಯುಗಾದಿಗೇ ಹೇಳಿದ್ದಳು. ಅಂದಿನಿಂದ ಸೊಸೆ ತನ್ನ ಬೆಕ್ಕನ್ನು ಹಿತ್ತಲಲ್ಲಿ ಕದ್ದುಮುಚ್ಚಿ ಸಾಕಿದ್ದಳು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅದು ಎಲ್ಲಿ ಮಾಯವಾಗುತ್ತಿತ್ತೋ ಅವಳಿಗೂ ತಿಳಿದಿರಲಿಲ್ಲ.

ಈಗ ಕಾರ್ತಿಕದ ಚಳಿ. ಕಿಟಕಿಯ ಎಳೆಬಿಸಿಲಿನಲ್ಲಿ, ಮಗ್ಗದಲ್ಲಿದ್ದ ಕೆಂಪು ಸೆರಗಿನ ಮೇಲೆ ನೂಲಿನ ಧೂಳು ತೇಲುತ್ತಿತ್ತು. ಗುರುಸಿದ್ದವ್ವ ಬಗ್ಗಿ ಕುಣಿಯೊಳಗೆ ಕೈ ಇಳಿಸಿದಳು.

ಕೈ ಮೇಲೆ ಬರಲಿಲ್ಲ. ಅಲ್ಲೇ ಮೆಲ್ಲಗೆ ಸವರುತ್ತಿತ್ತು. ಕೆಳಗಿಂದ ಗುರುಗುರು ಸದ್ದು ಎದ್ದಿತು.

"ಬ್ಯಾಸಗಿ ತುಂಬ ತಂಪಿಗೆ ಬಂದು ನನ್ನ ಪಾದದ ಮ್ಯಾಲೇ ಮಲಗ್ತಿತ್ತು" ಎಂದಳು ಅತ್ತೆ. "ಈಗ ಕೆಳಗ ಥಂಡಿ ಭಾಳ ಐತಿ. ನನ್ನ ಹಳೀ ಸೀರಿ ತೊಗೊಂಡ್ ಬಾ, ಹಾಸೂಣು."