ಮೇಲಿನ ಮಂಚದ ಕಲೆ

“ನಿಮ್ಮ ಗಾಡಿ ಚಾವಣಿ ಸೋರುತ್ತೆ,” ಎಂದು ಕೊಳ್ಳಲು ಬಂದಿದ್ದ ದರ್ಜಿ ಮೇಲಕ್ಕೆ ಬೆರಳು ತೋರಿಸಿದ. ಮಲಗಲು ಮಂಚಗಳಿರುವ ಆ ಮನೆಗಾಡಿಯ, ಮೋಟಾರ್‌ಹೋಮಿನ, ಬಟ್ಟೆ ಹೊದಿಸಿದ ಚಾವಣಿಯಲ್ಲಿ, ಮೇಲಿನ ಮಂಚದಲ್ಲಿ ಮಲಗುವವರ ತಲೆಗೆ ನೇರವಾಗಿ, ಬಟ್ಟಲಗಲದ ಕಪ್ಪು ಕಲೆಯಿತ್ತು.

“ಸೋರಿದ್ರೆ ಹಳದಿ ಅಂಚು ಬರುತ್ತೆ, ಇದಕ್ಕೆ ಅಂಚೇ ಇಲ್ಲ,” ಎಂದಳು ಮನೆಯ ಸೊಸೆ. ಬಿಳಿ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿ, ಉಜ್ಜದೆ ಕಲೆಯ ಮೇಲೆ ಮೆಲ್ಲಗೆ ಒತ್ತಿದಳು. ಬಟ್ಟೆ ಕಪ್ಪಾಯಿತು. “ಹಾಗಾದ್ರೆ ಬೂಷ್ಟು! ಅದು ಇನ್ನೂ ಕೆಟ್ಟದ್ದು. ಬೇಡಮ್ಮ,” ಎಂದು ದರ್ಜಿ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿದ. ಹೊರಗೆ ನಿಂತಿದ್ದ ಅತ್ತೆಯ ಮುಖ ಬಾಡಿತು. ಮಂಡಿನೋವಿನಿಂದ ಹತ್ತಿಳಿಯಲಾಗದೆ ಗಾಡಿ ಮಾರಿಬಿಡಿ ಎಂದವರೇ ಅವರು. ಬಂದ ಗಿರಾಕಿ ಇವನೊಬ್ಬನೇ.

ಅಷ್ಟು ಹೊತ್ತೂ ಗಾಡಿಯೊಳಗೆ ಕೆಮ್ಮುತ್ತಿದ್ದ ಮಾವ ಸೊಸೆಯ ಕೈಯಿಂದ ಬಟ್ಟೆ ಕಿತ್ತುಕೊಂಡು ಬಾಗಿಲಿಗೆ ನುಗ್ಗಿದರು. ಬಟ್ಟೆಯ ಬಿಳಿ ಮೂಲೆಯಿಂದ ಕಿವಿಯ ಮೇಲಿನ ತಮ್ಮ ಕೂದಲನ್ನು ಗಸಗಸ ತಿಕ್ಕಿ, ದರ್ಜಿಯ ಮೂಗಿನೆದುರು ಹಿಡಿದರು. ಅದೇ ಕಪ್ಪು! ಕಿವಿಯ ಮೇಲೆ ಮಾತ್ರ ಬೆಳ್ಳಿ ಮಿಂಚಿತು. “ಬೂಷ್ಟಲ್ಲ ಸ್ವಾಮಿ, ಹೇರ್ ಡೈ. ಮೇಲೆ ಮಲಗೋನು ನಾನೇ, ಏಳುವಾಗ ದಿನಾ ತಲೆ ತಾಗುತ್ತೆ.”

ದರ್ಜಿ ಹೊಟ್ಟೆ ಹಿಡಿದು ನಕ್ಕ. “ಗಾಡಿ ನನಗೇ ಇರಲಿ,” ಎಂದು ಮತ್ತೆ ಚಪ್ಪಲಿ ಬಿಟ್ಟ. ಮಾವನಿಗೆ ಮಾತ್ರ ಹೆಂಡತಿಯತ್ತ ತಿರುಗಲು ಧೈರ್ಯ ಸಾಲಲಿಲ್ಲ. “ನಿಂಗೆ ಹೇಳ್ಬೇಕು ಅಂತಾನೇ ಇದ್ದೆ ಕಣೆ,” ಎಂದರು ನೆಲ ನೋಡುತ್ತ.

“ನಿಮ್ಮ ದಿಂಬಿನ ಕವರ್ ಇಷ್ಟು ವರ್ಷ ಒಗೆದೋರು ಯಾರು ಅಂದ್ಕೊಂಡಿದ್ರಿ?” ಎಂದರು ಅತ್ತೆ.