ಹಲ್ಲಿ ಸಾಕ್ಷಿ

ಪಂಕಜಮ್ಮನವರ ಮನೆಯಲ್ಲಿ ಲೊಚಗುಟ್ಟಲು ಒಂದು ಹಲ್ಲಿಯೂ ಇರಲಿಲ್ಲ. ಊರಿನ ಯಾವ ಗೋಡೆಯ ಮೇಲೂ ಹಲ್ಲಿ ಉಳಿದಿರಲಿಲ್ಲ. ಆದರೆ ಹಲ್ಲಿ ನುಡಿಯದೆ ಮದುವೆ ಮಾತು ಮುಗಿಸುವವರೂ ಇರಲಿಲ್ಲ. ಹಾಗಾಗಿ, ‘ಹುಳುಹುಪ್ಪಟೆ ಸಾಕುವವರಿಗೆ ನನ್ನ ಮನೆಯಲ್ಲಿ ಜಾಗವಿಲ್ಲ’ ಎಂದು ಹೋದ ವಾರ ತಾವೇ ಬೈದಿದ್ದ ಬಾಡಿಗೆದಾರ ತಿಪ್ಪೇಶನನ್ನೇ ಅವರು ಅವನ ಸಾಕುಹಲ್ಲಿಯಿದ್ದ ಗಾಜಿನ ಪೆಟ್ಟಿಗೆಯ ಸಮೇತ ಕರೆದು, ಗಂಡಿನ ಕಡೆಯವರ ಪಕ್ಕ ಜಮಖಾನದ ಮೇಲೆ ಕೂರಿಸಿದರು.

“ಇದು ಲೊಚ್ ಅಂದ್ರೆ ನೀನು ಇಲ್ಲೇ ಇರು. ಅನ್ನದಿದ್ರೆ ನಾಳೆನೇ ಗಂಟುಮೂಟೆ ಕಟ್ಟು,” ಎಂದು ಕಿವಿಯಲ್ಲಿ ಹೇಳಿದರು.

“ನಮ್ಮ ಹುಡುಗ ಕುಡಿಯೋದೇ ಇಲ್ಲ,” ಎಂದರು ಗಂಡಿನ ಅಪ್ಪ. ನೆಲ ಕುಟ್ಟಲು ಎಲ್ಲರೂ ಬೆರಳು ಮಡಚಿ ಕಾದರು. ಹಲ್ಲಿ ಸುಮ್ಮನಿತ್ತು.

“ಹಬ್ಬಕ್ಕೆ ಮಾತ್ರ.”

ಸುಮ್ಮನಿತ್ತು.

“ಆಯ್ತು, ವಾರಕ್ಕೊಂದ್ಸಲ ಅಂತ ಇಟ್ಕೊಳ್ಳಿ.”

ಪಂಕಜಮ್ಮ ತಾಳ್ಮೆಗೆಟ್ಟು ಚಮಚದಿಂದ ತಿವಿದರು. ಹಲ್ಲಿ ಬಾಲ ಬಿಟ್ಟಿತು, ಬಾಯಿ ಬಿಡಲಿಲ್ಲ.

“ಈ ಕುಡುಕನ್ನ ನಾನು ಆಗಲ್ಲ!” ಎಂದು ಮಗಳು ಹೇಮಾವತಿ ಒಳಗಿನಿಂದ ಕೂಗಿದಳು.

ಲೊಚ್ ಲೊಚ್ ಲೊಚ್.

“ಕೃಷ್ಣ ಕೃಷ್ಣ,” ಎಂದು ಎಲ್ಲರೂ ನೆಲ ಕುಟ್ಟಿದರು. ಅಭ್ಯಾಸಬಲದಿಂದ ಗಂಡಿನ ಅಪ್ಪನೂ ಕುಟ್ಟಿದರು. ಆಮೇಲೆ ಎದ್ದು ಚಪ್ಪಲಿ ಹುಡುಕಿಕೊಂಡರು.

“ಲೊಚ್ ಅಂದ್ತಲ್ಲಮ್ಮ, ನಾನು ಇಲ್ಲೇ ಇರಬಹುದು ತಾನೇ?” ಎಂದ ತಿಪ್ಪೇಶ.

ಪಂಕಜಮ್ಮ ಬಾಯಿ ತೆರೆಯುವ ಮೊದಲೇ ಹೇಮಾವತಿ ಹೊರಗೆ ಬಂದಳು. “ಇರ್ಲಿ ಬಿಡಮ್ಮ. ಇನ್ನೊಂದು ಗಂಡು ಬಂದಾಗ ಬೇಕಾಗುತ್ತೆ.”

ಅವತ್ತು ಹೋದದ್ದು ಒಂದು ಸಂಬಂಧ, ಗಂಡಿನ ಕಡೆಯವರು ತಿಂದ ಇಪ್ಪತ್ತೆರಡು ಬಜ್ಜಿ, ಒಂದು ಬಾಲ.