ಏಳು ಗಂಟೆಯ ಸೆರೆ

ಹಿಂದಿನ ಓಣಿಗೆ ಹೋಗಿಬರಲೆಂದು ಅನುರಾಧಾ ಹಿತ್ತಲ ಬಾಗಿಲು ದಾಟುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

“ಏಳ ಆತು. ಬಾ, ಕುಂದರ.”

ಸಿಕ್ಕಿಬಿದ್ದಳು. ಒಂಬತ್ತು ವರ್ಷಗಳಿಂದ ಇದೇ ಕತೆ. ಏಳಕ್ಕೆ ಸರಿಯಾಗಿ ಅತ್ತೆ ಉದ್ದವ್ವ ಟಿವಿ ಹಚ್ಚುತ್ತಿದ್ದಳು. ಪುಣೆಯ ವಠಾರವೊಂದರ ಆರು ಮನೆಗಳ ಜಗಳ. ಮರಾಠಿಯ ನಗೆ ಧಾರಾವಾಹಿ. ಒಲೆಯ ಮೇಲೆ ಪಲ್ಯವಿದ್ದರೂ ಇಳಿಸಿಟ್ಟು ಸೊಸೆ ಪಕ್ಕದಲ್ಲಿ ಕೂರಬೇಕು. ಗೋಕಾಕದ ಮದುವೆಗೆ ಹೋದ ದಿನವೂ ಸೊಸೆಯನ್ನು ಏಳರೊಳಗೆ ತಮ್ಮೂರು ಮೂಡಲಗಿಗೆ ಎಳೆದುಕೊಂಡು ಬಂದಿದ್ದಳು.

“ಇಬ್ರೂ ಟಿವಿ ಮುಂದ ಕುಂತ್ರ ಮನಿ ಕೆಲಸ ಯಾರ ಮಾಡೋರು?” ಎಂದು ಮಾವ ಮುರಿಗೆಪ್ಪ ಗೊಣಗಿದರೆ ಉದ್ದವ್ವನ ಉತ್ತರ ಒಂದೇ: “ಒಬ್ಬಾಕಿಗೆ ನಗಿ ಬರಂಗಿಲ್ರಿ.”

ಅನುರಾಧಾಳಿಗೆ ಆ ಧಾರಾವಾಹಿಯ ಹುಚ್ಚೇನೂ ಇರಲಿಲ್ಲ. ಅವಳ ತವರು ಹುಕ್ಕೇರಿ ಕಡೆಯ ಕಣಗಲಾ. ಮನೆಯಲ್ಲಿ ಕನ್ನಡದಷ್ಟೇ ಮರಾಠಿ. ಮದುವೆಯಾದ ಹೊಸತರಲ್ಲಿ, ಬಚ್ಚಲಲ್ಲಿ ಕದ್ದು ಅಳುತ್ತಿದ್ದ ದಿನಗಳಲ್ಲಿ, ಆ ದನಿಗಳು ಹಿತವೆನಿಸಿದ್ದು ನಿಜ. ಆಮೇಲೆ ಅರ್ಧ ಕಿವಿಯಲ್ಲಿ ಕೇಳಿ ನಗುತ್ತಿದ್ದಳು. ಅವಳು ನಕ್ಕರೆ ಅತ್ತೆಯೂ ನಗುತ್ತಿದ್ದಳು.

“ಮೊದಲ ಏಳಕ್ಕ ನಮ್ಮ ಕಟ್ಟಿ ಮ್ಯಾಲ ಕುಂತ ಹರಟಿ ಹೊಡೀತಿದ್ಳು. ಈಗ ನಿಮ್ಮತ್ತೀನ ಟಿವಿ ನುಂಗೇತಿ,” ಎಂದು ಪಕ್ಕದ ಮನೆಯ ಹನಮವ್ವ ಚುಚ್ಚುತ್ತಿದ್ದಳು.

ಹಿಂದಿನ ಓಣಿಯ ಶರೀಫಾಬಿ ಸಂಜೆ ಏಳಕ್ಕೇ ಹೊಲಿಗೆ ಕಲಿಸುತ್ತಿದ್ದಳು. ಎರಡು ಸಲ ಅನುರಾಧಾ ಹೆಸರು ಕೊಟ್ಟು ಹಿಂದೆ ಸರಿದಿದ್ದಳು.

“ನಾಳಿ ಬರಲಿಲ್ಲಂದ್ರ ನಿನ್ನ ಮಷಿನ್ ಬ್ಯಾರೇದವ್ರಿಗೆ ಕೊಡ್ತೇನಿ ನೋಡವಾ,” ಎಂದಿದ್ದಳು ಶರೀಫಾಬಿ ಇಂದು ಬೆಳಿಗ್ಗೆ. “ಒಂದ ಸೀರಿಯಲ್ ಬಿಡಾಕ ಆಗವಲ್ದೇನ?”

ಬಿಡಬೇಕಾದದ್ದು ಸೀರಿಯಲ್ ಅಲ್ಲ, ಅತ್ತೆಯನ್ನು. ಮುದುಕಿಗೆ ಇಡೀ ದಿನದಲ್ಲಿ ಇದ್ದದ್ದು ಅದೊಂದೇ ಖುಷಿ. ಅದನ್ನು ಹೇಗೆ ಕಸಿಯುವುದು? ಧಾರಾವಾಹಿ ತಾನಾಗಿ ಮುಗಿಯಲಿ ಎಂದು ಕಾದಿದ್ದಳು. ಇಂದು ಕೊನೆಯ ಕಂತು.

ತೆರೆಯ ಮೇಲೆ ವಠಾರ ಕೆಡವುವ ದಿನ. ಆರೂ ಮನೆಗಳಿಗೆ ಬೀಗ ಬಿತ್ತು. ಎಲ್ಲರನ್ನೂ ಬೈಯುತ್ತಿದ್ದ ಮುದುಕಿ ಖಾಲಿ ಅಂಗಳದಲ್ಲಿ ನಿಂತು, ನಾಳೆಯಿಂದ ಯಾರ ಜೊತೆ ಜಗಳಾಡಲಿ ಎಂದಳು. ಅನುರಾಧಾಳ ಕೆನ್ನೆ ತೊಯ್ದಿತು. ಯಾವಾಗ ತೊಲಗಿಯಾರೋ ಎಂದುಕೊಂಡಿದ್ದ ಜನ. ಅವರಿಗಾಗಿ ಈ ಕಣ್ಣೀರು ಎಲ್ಲಿತ್ತೋ.

ಉದ್ದವ್ವನ ಕಣ್ಣು ಒಣಗಿದ್ದವು. ಅವಳು ನೋಡುತ್ತಿದ್ದದ್ದು ಸೊಸೆಯನ್ನು.

“ಯಾಕವಾ, ಯಾರರ ಸತ್ರೇನ?”

“ಇಲ್ರಿ, ಅತ್ತಿ.” ಅನುರಾಧಾ ಸೆರಗಿನಿಂದ ಮುಖ ಒರೆಸಿಕೊಂಡಳು. ಈಗ ಕೇಳದಿದ್ದರೆ ನಾಳೆ ಏಳಕ್ಕೆ ಮತ್ತೊಂದು ಶುರುವಾಗುತ್ತದೆ. “ನಾಳಿಂದ ಈ ಹೊತ್ತಿಗೆ ಹೊಲಿಗಿ ಕಲಿಯಾಕ ಹೋಗಲೇನ್ರಿ? ನಿಮಗ ಒಬ್ಬರಿಗೇ ಬ್ಯಾಸರ ಆಕ್ಕೇತಿ, ಗೊತ್ತೈತಿ…”

ಉದ್ದವ್ವ ಟಿವಿ ಆರಿಸಿ, ಉಸ್ಸೆಂದು ಕಾಲು ಚಾಚಿದಳು.

“ಹೋಗವಾ, ಹೋಗು. ನೀ ತವರ ನೆನಸಿ ಅಳಬಾರದಂತ ಹಚ್ಚತಿದ್ದೆ. ನನಗ ಆ ಮರಾಠಿ ಒಂದ ಅಕ್ಷರಾನೂ ತಿಳಿಯಂಗಿಲ್ಲ.”